ಹಗಲಿನ ರಾಣಿಗೆ ಬಣ್ಣ

ನನ್ನ ಮುಖದ ಬಗ್ಗೆ ನನಗೆ ಎಂದೂ ದೊಡ್ಡ ಅಭಿಪ್ರಾಯವಿರಲಿಲ್ಲ. ಅಗಲವಾದ ಹಣೆ, ಚಿಕ್ಕ ಗದ್ದ, ಎಷ್ಟು ಓಲೈಸಿದರೂ ಮೀಸೆ ಎನಿಸಿಕೊಳ್ಳಲು ಒಪ್ಪದ ನಾಲ್ಕು ಕೂದಲು. ಕೊಪ್ಪಳದ ಸಾಲೆಯಲ್ಲಿ ನಾನು ಮಾಸ್ತರನಾಗಿದ್ದಾಗ ಹುಡುಗರು ಹಾಜರಿಗೆ ‘ಹಾಜಿರ್ ಜನಾಬ್’ ಎಂದು ಉರ್ದುವಿನಲ್ಲಿ ಕೂಗುತ್ತಿದ್ದರು. ಆದರೆ ಆ ‘ಜನಾಬ್’ನಲ್ಲಿ ನನ್ನ ಮುಖದ ಪಾಲೇನೂ ಇರಲಿಲ್ಲ, ಇದ್ದದ್ದೆಲ್ಲ ಬೆತ್ತದ್ದು. ಹೀಗೆ ಯಾವ ಕೆಲಸಕ್ಕೂ ಬಾರದ ಮುಖವನ್ನು ಒಂದು ದಿನ ಆಟದ ವೀರಭದ್ರಪ್ಪನವರು ಚಹಾ ಕುಡಿಯುತ್ತ ನೋಡಿದರು. ಬಸಿಯನ್ನು ಕೆಳಗಿಟ್ಟು ಮತ್ತೊಮ್ಮೆ ನೋಡಿದರು. “ರಾಣಿ ಸಿಕ್ಕಳು” ಎಂದರು.

ವೀರಭದ್ರಪ್ಪನವರು ನಮ್ಮೂರಲ್ಲಿ ದೊಡ್ಡಾಟ ಕಲಿಸುವ ಗುರುಗಳು. ದೊಡ್ಡಾಟ ಅಂದರೆ ಹಾಡು, ಮಾತು, ಕುಣಿತ ಎಲ್ಲ ಕೂಡಿದ ಆಟ. ಅದರಲ್ಲಿ ರಾಜ ಮತ್ತು ರಾಣಿ ಜೋಡಿಯಾಗಿ ಬಂದು, ಕೈ ಕೈ ಹಿಡಿದು, ಮದ್ದಲೆಯ ಪೆಟ್ಟಿಗೆ ಸರಿಯಾಗಿ ಸುತ್ತು ಹಾಕಿ ಕುಣಿಯುವ ಭಾಗವೊಂದಿದೆ. ಹೆಣ್ಣುಮಕ್ಕಳು ಆಟಕ್ಕೆ ನಿಲ್ಲದ ಕಾಲ. ಹಾಗಾಗಿ ಮೀಸೆ ಬಾರದ ಗಂಡಸರಿಗೆ ಭಾರಿ ಬೆಲೆ. ನನ್ನ ರಾಜ ಗುರುಬಸಪ್ಪ. ವೃತ್ತಿಯಿಂದ ಕಮ್ಮಾರ. ಎದೆ ಅಗಲ, ದನಿ ಅಗಲ, ಬೆವರು ಇವೆರಡಕ್ಕಿಂತ ಅಗಲ. ಅವನು ನನ್ನ ಕೈ ಹಿಡಿದು ಗಿರಕಿ ಹೊಡೆಸಿದನೆಂದರೆ ಸಾಲೆಯ ಚಿಂತೆಯೆಲ್ಲ ತಲೆಯಿಂದ ಹಾರಿಹೋಗುತ್ತಿತ್ತು.

ಆ ವರ್ಷ ಗಂಗಾವತಿಯ ಅಕ್ಕಿ ಸಾಹುಕಾರರೊಬ್ಬರು ಮನೆಯಲ್ಲಿ ಮೊಮ್ಮಗ ಹುಟ್ಟಿದ ಸಂತೋಷಕ್ಕೆ ಜೋಡಿ ಕುಣಿತದ ಪಂದ್ಯ ಇಟ್ಟರು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ನಾಲ್ಕೂ ಕಡೆಯಿಂದ ಒಂದೊಂದು ಜೋಡಿ. ಗೆದ್ದ ರಾಜನಿಗೂ ರಾಣಿಗೂ ಬೆಳ್ಳಿ ಕಡಗ. ನಾವು ಗೆದ್ದೇ ಬಿಟ್ಟೆವೆಂಬ ಹುರುಪಿನಲ್ಲಿ ತಾಲೀಮು ಶುರುಮಾಡಿದೆವು. ಆಮೇಲೆ ಸಾಹುಕಾರರ ಆಳು ಬಂದು ಒಂದು ಮಾತು ಹೇಳಿ ಹೋದ. ಯುದ್ಧದ ದಿನಗಳು, ಸೀಮೆಎಣ್ಣೆ ದೀಪಕ್ಕೇ ಸಿಗುತ್ತಿರಲಿಲ್ಲ, ಇನ್ನು ಗ್ಯಾಸ್‌ಬತ್ತಿಗೆಲ್ಲಿಂದ ಬರಬೇಕು. ಆದ್ದರಿಂದ ಪಂದ್ಯ ರಾತ್ರಿ ಇಲ್ಲ, ಹಗಲು. ಮಧ್ಯಾಹ್ನದ ಊಟವಾದ ಮೇಲೆ, ಸಾಹುಕಾರರ ಅಂಗಳದಲ್ಲಿ.

ಕೇಳಿದವರಿಗೆ ಇದು ಸಣ್ಣ ಬದಲಾವಣೆ. ಮುಖಕ್ಕೆ ಬಣ್ಣ ಬಳಿದುಕೊಳ್ಳುವವನಿಗೆ ಮಾತ್ರ ಗೊತ್ತು ಅದರ ಸಂಕಟ. ನಮ್ಮ ಬಣ್ಣಗಳೆಲ್ಲ ರಾತ್ರಿಯ ಬಣ್ಣಗಳು. ಅರದಾಳವೆಂಬ ಹಳದಿ ಕಲ್ಲಿನ ಪುಡಿಯನ್ನು ಬಿಳಿಯ ಸಫೇತದ ಜೊತೆ ಕೊಬ್ಬರಿ ಎಣ್ಣೆಯಲ್ಲಿ ಅರೆದು ಹಚ್ಚಿದರೆ ಗ್ಯಾಸ್‌ಬತ್ತಿಯ ಬೆಳಕಿನಲ್ಲಿ ಮುಖ ಬಂಗಾರದ ತಗಡು. ಕೆಂಪಿಗೆ ಇಂಗಳೀಕ, ಕಪ್ಪಿಗೆ ಕಾಡಿಗೆ. ರಾತ್ರಿ ಎಂಬುದು ದೊಡ್ಡ ಮನಸ್ಸಿನ ನೋಡುಗ. ಅರ್ಧ ತೋರಿಸಿದರೆ ಉಳಿದರ್ಧವನ್ನು ತಾನೇ ತುಂಬಿಕೊಳ್ಳುತ್ತದೆ. ಹಗಲಿಗೆ ಆ ಔದಾರ್ಯ ಇಲ್ಲ. ಬಣ್ಣ ಎಂಬ ಮಾತಿನಿಂದಲೇ ನಮ್ಮಲ್ಲಿ ಬಣ್ಣಿಸುವುದು ಹುಟ್ಟಿದೆ. ಬಣ್ಣ ಬಯಲಾಗುವುದೂ ಅದರಿಂದಲೇ ಹುಟ್ಟಿದೆ. ಬಣ್ಣಿಸುವ ಕೆಲಸ ರಾತ್ರಿಯದು, ಬಯಲು ಮಾಡುವ ಕೆಲಸ ಸೂರ್ಯನದು ಎಂದು ನಮ್ಮ ಹಿರಿಯರು ಹಂಚಿಕೊಟ್ಟಿದ್ದರೋ ಏನೋ.

“ಹಗಲಾದ್ರೇನು, ರಾತ್ರಿಯಾದ್ರೇನು? ರಾಣಿ ಅಂದ್ರ ಅರದಾಳ” ಎಂದರು ವೀರಭದ್ರಪ್ಪನವರು. ಅವರ ಗುರುಗಳು ಅದನ್ನೇ ಹಚ್ಚಿದ್ದರು, ಅವರ ಗುರುಗಳ ಗುರುಗಳೂ ಹಚ್ಚಿದ್ದರು. ಅವರಾರೂ ಬಿಸಿಲಲ್ಲಿ ಕುಣಿದಿರಲಿಲ್ಲ ಎಂದು ನಾನು ಹೇಳಲಿಲ್ಲ. ಗುರುಗಳಿಗೆ ಎದುರು ಮಾತಾಡಬಾರದೆಂದು ದಿನಾ ಹುಡುಗರಿಗೆ ಹೇಳಿಕೊಡುವವನು ನಾನೇ ಆಗಿದ್ದೆ.

ಆದರೂ ಮನಸ್ಸು ತಡೆಯದೆ ಬಜಾರದ ಹುಸೇನಸಾಬರ ಅಂಗಡಿಗೆ ಹೋದೆ. ಅತ್ತರು, ಸುರ್ಮಾ, ಊದಿನಕಡ್ಡಿ, ಆಟದ ಬಣ್ಣ, ಎಲ್ಲ ಅವರಲ್ಲಿ ಸಿಗುತ್ತಿದ್ದವು. ಹುಸೇನಸಾಬರದು ಒಂದು ವಿಶೇಷ: ಯಾವ ಸಾಮಾನು ಮುಟ್ಟಿದರೂ ಅದೇ ಎಲ್ಲಕ್ಕಿಂತ ಛಲೋ ಎನ್ನುತ್ತಿದ್ದರು. ಅರದಾಳ ಮುಟ್ಟಿದೆ. “ಇದರಂಥದ್ದಿಲ್ಲ ಮಾಸ್ತರ್‌ಸಾಬ್.” ಕೈ ಬಿಟ್ಟು ಗುಲಾಬಿ ಪುಡಿ ಮುಟ್ಟಿದೆ. “ಅದಕ್ಕಿಂತ ಇದು ಭಾಳ ಛಲೋ.” ಮೂಲೆಯಲ್ಲಿ ಬಿಳಿ ದೊರೆಸಾನಿಯ ಚಿತ್ರವಿದ್ದ ವಿಲಾಯತಿ ಪೌಡರಿನ ಡಬ್ಬಿ ಕಂಡಿತು. ಕೈ ಚಾಚುವಷ್ಟರಲ್ಲಿ ಅವರು ನಿಟ್ಟುಸಿರು ಬಿಟ್ಟರು. “ಅದು ಖಾಲಿ ಡಬ್ಬಿ ಐತ್ರಿ. ಲಡಾಯಿ ಮುಗೀಲಿ, ಬರ್ತೈತಿ. ಅಲ್ಲೀತನಕ ಚಿತ್ರ ನೋಡಕೊಂತ ಕುಂತೀನಿ.” ಕೊನೆಗೆ ಎಲ್ಲದರಲ್ಲೂ ಒಂದೊಂದು ಚಿಟಿಕೆ ಕಟ್ಟಿಸಿಕೊಂಡು ಬಂದೆ.

ಇಲ್ಲಿ ನನ್ನ ಹೆಂಡತಿಯ ಪರಿಚಯ ಮಾಡಿಕೊಡಬೇಕು. ನೀಲವ್ವ ನಮ್ಮ ಮನೆಗೆ ಬಂದು ಇನ್ನೂ ಒಂದು ಸುಗ್ಗಿ ಕಳೆದಿರಲಿಲ್ಲ. ಕುಷ್ಟಗಿ ಕಡೆಯವಳು. ಚಿಕ್ಕವಳಿದ್ದಾಗಲೇ ತಾಯಿ ತೀರಿಹೋಗಿ ಅಜ್ಜಿಯ ಕೈಯಲ್ಲಿ ಬೆಳೆದಿದ್ದಳು. ತುಂಬಿದ ಮನೆಯಲ್ಲಿ ಗಂಡ ಹೆಂಡತಿ ಹಗಲು ಹೊತ್ತು ಮಾತಾಡುವ ರೂಢಿಯಿಲ್ಲದ ಕಾಲ. ಅದರ ಮೇಲೆ ಅವಳದು ಮಾತೇ ಕಡಿಮೆ. “ಹೂಂರಿ”, “ಇಲ್ರಿ”, “ನೀರು ಕಾದಾವ್ರಿ.” ನಮ್ಮ ಸಂಸಾರ ಹೆಚ್ಚು ಕಡಿಮೆ ಈ ಮೂರು ಮಾತಿನ ಮೇಲೆಯೇ ನಡೆಯುತ್ತಿತ್ತು. ಅವಳಿಗೆ ನಾನು ಹಿಡಿಸಿದ್ದೇನೆಯೋ ಇಲ್ಲವೋ ಎಂಬುದೇ ನನಗೆ ತಿಳಿದಿರಲಿಲ್ಲ. ಅವಳ ತಂದೆ ಮಲ್ಲಪ್ಪನವರಿಗೆ ಹಿಡಿಸಿಲ್ಲ ಎಂಬುದು ಮಾತ್ರ ಸ್ಪಷ್ಟವಾಗಿ ತಿಳಿದಿತ್ತು. ಲಗ್ನವಾದ ಮೇಲೆ ಯಾರೋ ಪುಣ್ಯಾತ್ಮರು ನಾನು ಸೀರೆ ಉಟ್ಟು ಕುಣಿಯುವ ಸುದ್ದಿ ಮುಟ್ಟಿಸಿದ್ದರು. “ಸಾಲಿ ಮಾಸ್ತರ ಅಂತ ಮಗಳನ್ನ ಕೊಟ್ಟೇವಿ. ರಾಣಿ ಅಂತ ಯಾರೂ ಹೇಳಿರಲಿಲ್ಲ” ಎಂದು ಅವರು ನೆರೆದವರ ನಡುವೆ ಅಂದದ್ದು ನನ್ನ ಕಿವಿಗೂ ಬಿದ್ದಿತ್ತು. ಎದುರು ಸಿಕ್ಕರೆ ‘ಅಳಿಯಂದ್ರ’ ಎನ್ನುತ್ತಿರಲಿಲ್ಲ, ‘ಮಾಸ್ತರ’ ಎಂದಷ್ಟೇ ಕರೆಯುತ್ತಿದ್ದರು.

ಹುಸೇನಸಾಬರ ಪುಡಿಗಳನ್ನು ಎಣ್ಣೆಯಲ್ಲಿ ಕಲಸಿ ನಾನು ಹಿತ್ತಲಿನ ಬಿಸಿಲಲ್ಲಿ ನಿಂತೆ. ಎಡಗೆನ್ನೆಗೆ ಒಂದು, ಬಲಗೆನ್ನೆಗೆ ಒಂದು, ಹಣೆಗೆ ಇನ್ನೊಂದು ಹಚ್ಚಿ, ಒಡೆದ ಕನ್ನಡಿಯ ಚೂರಿನಲ್ಲಿ ಮುಖವನ್ನು ಕಂತುಕಂತಾಗಿ ನೋಡಿಕೊಳ್ಳುತ್ತಿದ್ದೆ. ನೀಲವ್ವ ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ಮೊರದ ಸದ್ದು ನಿಂತಿತು. ತಿರುಗಿ ನೋಡಿದರೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಾಳೆ, ಭುಜ ಕುಣಿಯುತ್ತಿವೆ.

“ಯಾಕ, ಏನಾತು?” ಎಂದೆ.

“ಏನಿಲ್ರಿ.”

“ಏನಿಲ್ಲಂದ್ರ ಯಾಕ ನಗ್ತಿ?”

ಅವಳು ಬಹಳ ಹೊತ್ತು ತಡೆದು ನೋಡಿದಳು. ಆಗಲಿಲ್ಲ. “ರಾಣಿಗಿ ಕಾಮಾಲಿ ಆಗೇತೇನ್ರಿ?” ಎಂದಳು.

ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ನಗು. ನೀಲವ್ವ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಅವಳ ಮುಂದಿನ ಹಲ್ಲೊಂದು ಸ್ವಲ್ಪ ವಾರೆಯಾಗಿದೆ ಎಂಬುದೂ ಅಂದೇ ತಿಳಿಯಿತು. ಹಾಗಾದರೆ ಏನು ಹಚ್ಚಲಿ ಎಂದು ಕೇಳಿದೆ. ಸುಮ್ಮನೆ ಕೇಳಿದ್ದು. ಅವಳು ಮೊರವನ್ನು ಪಕ್ಕಕ್ಕಿಟ್ಟು ಎದ್ದು ಬಂದಳು.

“ಗಂಡಸೂರು ಹೆಣ್ಣಿನ ವೇಷ ಹಾಕಿದ್ರ ಗೊಂಬಿ ಮಾಡ್ತೀರಿ” ಎಂದಳು. “ಹೆಣ್ಣಮಕ್ಕಳ ಮಖ ಹಂಗ ಇರಂಗಿಲ್ರಿ. ಮೊದಲು ಅದನ್ನ ತೊಳ್ಕೊಂಡ ಬರ್ರಿ.”

ಅಂದು ಮಧ್ಯಾಹ್ನ ನಮ್ಮ ಹಿತ್ತಲಿನಲ್ಲಿ ನಡೆದದ್ದು ಬಣ್ಣದ ಆಯ್ಕೆಯೋ ನಮ್ಮ ಸಂಸಾರದ ಆರಂಭವೋ ಹೇಳುವುದು ಕಷ್ಟ. ಅವಳು ಗಂಧ ತೇಯ್ದಳು. ಅದಕ್ಕೆ ಅರಿಷಿಣ ಸೇರಿಸಿ, ಚೂರೇ ಚೂರು ಸಫೇತ ಹಾಕಿ ನನ್ನ ಮುಖಕ್ಕೆ ತೆಳ್ಳಗೆ ಹಚ್ಚಿದಳು. ಹಚ್ಚಿದವಳು ಬಾವಿಯ ತನಕ ನಡೆದುಹೋಗಿ ಅಲ್ಲಿಂದ ಕಣ್ಣು ಕಿರಿದು ಮಾಡಿ ನೋಡಿದಳು. ನೋಡುವವರು ದೂರ ಕೂತಿರುತ್ತಾರೆ, ಹತ್ತಿರದ ಚೆಂದ ಅಲ್ಲಿಗೆ ಮುಟ್ಟಬೇಕಲ್ಲ ಎಂಬುದು ಅವಳ ಲೆಕ್ಕ. “ಹುಬ್ಬು ಕಾಣವಲ್ಲವು” ಎನ್ನುತ್ತ ಬಂದು ಕಾಡಿಗೆ ತೀಡಿದಳು. ಮತ್ತೆ ಬಾವಿ. “ಈಗ ಬರೇ ಹುಬ್ಬು ಕಾಣ್ತಾವ” ಎನ್ನುತ್ತ ಬಂದು ಒರೆಸಿದಳು. ಮತ್ತೆ ಬಾವಿ. ತುಟಿಗೆ ಇಂಗಳೀಕ ಬೇಡವೆಂದು ಎಲೆ ಅಡಿಕೆ ಮಡಿಚಿ ಬಾಯಿಗಿಟ್ಟಳು. ನಮ್ಮವ್ವ ನೀರಿಗೆಂದು ಹಿತ್ತಲಿಗೆ ಬಂದವಳು, ಸೊಸೆ ಮಗನ ಗದ್ದ ಹಿಡಿದು ಕೂತದ್ದನ್ನು ಕಂಡು, ಕೊಡವನ್ನು ಅಲ್ಲೇ ಬಿಟ್ಟು ಒಳಗೆ ಹೋದಳು.

ಕೊನೆಗೆ ಗದ್ದದ ಮೇಲೆ ಕಾಡಿಗೆಯಿಂದ ಹಚ್ಚೆಯ ಹಾಗೆ ಒಂದು ಚುಕ್ಕೆ ಇಟ್ಟು, ಹಣೆಗೆ ಬಟಾಣಿಯಷ್ಟು ಕುಂಕುಮ ಹಚ್ಚಿದಳು. ಬಾವಿಯ ತನಕ ಹೋಗಲಿಲ್ಲ.

“ಯಾಕ, ಸರಿ ಬರ್ಲಿಲ್ಲೇನು?”

“ಸರಿ ಬಂದೈತ್ರಿ” ಎಂದಳು. ಬೆರಳಿನ ಕುಂಕುಮ ಒರೆಸಿಕೊಳ್ಳುತ್ತ, “ನಮ್ಮವ್ವ ಹಿಂಗ ಹಚ್ಚಿಗೊಂತಿದ್ಲು. ಅಪ್ಪ ಆಕಿ ಹೆಸರು ಎತ್ತಂಗಿಲ್ಲ. ಯಾರರ ಎತ್ತಿದ್ರೂ ಎದ್ದು ಹೊಲಕ್ಕ ಹೋಗ್ತಾನ. ನನಗೂ ಮರತ ಹೊಂಟಿತ್ತು. ಕೈಯಾಗ ಕುಂಕುಮ ಹಿಡದ ಮ್ಯಾಲ ನೆನಪಾತು” ಎಂದಳು.

ಕುಂಕುಮ ಅಳಿಯದಂತೆ ತಲೆ ಅಲುಗಿಸದೆ ಕೂತೆ. ಎಲೆ ಅಡಿಕೆಯನ್ನು ಮಾತ್ರ ಮೆಲ್ಲಗೆ ಅಗಿಯುತ್ತಿದ್ದೆ.

ಈ ಮುಖವನ್ನು ವೀರಭದ್ರಪ್ಪನವರಿಗೆ ತೋರಿಸಿದಾಗ ಅವರು ಒಂದು ಸುತ್ತು ಹಾಕಿ ನೋಡಿ, “ಇದು ರಾಣಿ ಅಲ್ಲೋ ತಮ್ಮಾ, ಓಣ್ಯಾಗಿನ ಹೆಣ್ಣಮಗಳು” ಎಂದರು. ಆದರೆ ಬಿಸಿಲಲ್ಲಿ ಒಂದು ಸಲ ಕುಣಿಸಿ ನೋಡಿದ ಮೇಲೆ ಮೆತ್ತಗಾದರು. “ಆಗ್ಲಿ. ಸೋತ್ರ ನಿನ್ನ ಬಣ್ಣ, ಗೆದ್ರ ನನ್ನ ಕುಣಿತ” ಎಂದು ಒಪ್ಪಿದರು. ಗುರುಬಸಪ್ಪ ಮಾತ್ರ ಒಪ್ಪಲಿಲ್ಲ. ಅವನಿಗೆ ಮೈ ಕೈ ಮುಖಕ್ಕೆಲ್ಲ ಇಂಗಳೀಕವೇ ಬೇಕು. ಬೆವರಿದರೆ ಇಳಿಯುತ್ತದೆ ಎಂದು ಎಷ್ಟು ಹೇಳಿದರೂ, “ಕೆಂಪಿಲ್ಲಂದ್ರ ನಾನು ಕಮ್ಮಾರ ಗುರುಬಸ್ಯಾನ ಕಾಣ್ತೀನಿ. ರಾಜ ಎಲ್ಲಿಂದ ಬರಬೇಕು?” ಎಂದ. ಅದೂ ನಿಜ.

ಕೊಪ್ಪಳದಿಂದ ಗಂಗಾವತಿಗೆ ಇದ್ದಿಲಿನಿಂದ ಓಡುವ ಬಸ್ಸಿನಲ್ಲಿ ಹೋದೆವು. ಪೆಟ್ರೋಲು ಇಲ್ಲದ ಕಾಲದ ಆ ಬಸ್ಸಿನ ಹಿಂದೆ ಒಂದು ಒಲೆ. ಏರು ಬಂದಾಗಲೆಲ್ಲ ಬಸ್ಸು ನಿಲ್ಲುತ್ತಿತ್ತು, ನಾವು ಇಳಿದು ನೂಕುತ್ತಿದ್ದೆವು. ಇಳಿಯುವ ಹೊತ್ತಿಗೆ ಎಲ್ಲರ ಮುಖಕ್ಕೂ ಮಸಿ. ಟಿಕೆಟಿನ ಜೊತೆ ಬಣ್ಣವನ್ನೂ ಕೊಡುವ ಬಸ್ಸು ಅದೊಂದೇ ಇರಬೇಕು. ರಾಕ್ಷಸರ ಪಾತ್ರವಾಗಿದ್ದರೆ ನಮ್ಮ ಕೆಲಸ ಅಲ್ಲಿಗೇ ಮುಗಿಯುತ್ತಿತ್ತು.

ಗಂಗಾವತಿಯಲ್ಲಿ ನನ್ನ ಅಕ್ಕನ ಮನೆ ಇತ್ತು. ನೀಲವ್ವ ಬಂದದ್ದು ಅಕ್ಕನನ್ನು ನೋಡುವ ನೆವದಲ್ಲಿ. ಪಂದ್ಯದ ದಿನ ಅವಳು ಒಳಮನೆಯಲ್ಲಿ ನನಗೆ ಬಣ್ಣ ಹಚ್ಚಿ, ತನ್ನ ಲಗ್ನದ ಸೀರೆಯನ್ನೇ ಉಡಿಸಿ, ನೆರಿಗೆ ಸರಿಮಾಡುತ್ತಿದ್ದಳು. ಹೊರಗೆ ಹೋಗಿದ್ದ ಅಕ್ಕ ಓಡುತ್ತ ಬಂದಳು. “ನೀಲವ್ವಾ, ನಿಮ್ಮಪ್ಪ ಬಂದಾನ. ಕುಷ್ಟಗಿ ಮಂದಿ ಗಾಡಿ ಕಟ್ಟಿಗೊಂಡು ಬಂದಾರ, ಅವರ ಸಂಗಡ ಅದಾನ.”

ನೀಲವ್ವನ ಕೈ ನೆರಿಗೆಯಲ್ಲೇ ನಿಂತಿತು. ಮಲ್ಲಪ್ಪನವರು ತಮ್ಮೂರ ಜೋಡಿಯನ್ನು ಗೆಲ್ಲಿಸಲು ಬಂದಿದ್ದರು. ಅಳಿಯ ಸೀರೆ ಉಡುವುದನ್ನು ಕೇಳಿದ್ದರೇ ಹೊರತು ನೋಡಿರಲಿಲ್ಲ. ಈಗ ನೋಡುತ್ತಾರೆ, ಅದೂ ಮಗಳ ಲಗ್ನದ ಸೀರೆಯಲ್ಲಿ, ಹೆಸರು ಎತ್ತಲೂ ಬಿಡದ ಹೆಂಡತಿಯ ಮುಖದಲ್ಲಿ.

“ಅಳಿಸಿ ಬಿಡ್ಲೇನ್ರಿ?” ಎಂದಳು. “ಅರದಾಳ ಹಚ್ಚೋಣು. ನಿಮ್ಮ ಗುರುಗಳ ಕಡೆ ಇನ್ನೂ ಐತಿ.”

ಹೊರಗೆ ಮದ್ದಲೆ ಶುರುವಾಗಿತ್ತು. ನಾನು ಅವಳ ಮುಖ ನೋಡಿದೆ. ಅಳಿಸಲು ಅವಳಿಗೆ ಮನಸ್ಸಿರಲಿಲ್ಲ, ಉಳಿಸಲು ಧೈರ್ಯವಿರಲಿಲ್ಲ. ಈ ಎರಡರ ನಡುವೆ ನಿರ್ಧಾರ ಮಾಡುವುದು ಗಂಡನ ಕೆಲಸ ಎಂದು ಆ ಕ್ಷಣಕ್ಕೆ ನನಗೆ ಅನ್ನಿಸಿತು. ಸಾಲೆಯಲ್ಲಿ ಎಂದೂ ಬಾರದ ಗಟ್ಟಿ ದನಿಯಲ್ಲಿ, “ಇರ್ಲಿ ಬಿಡು. ಬೈದ್ರ ನನಗ ಬೈಲಿ” ಎಂದೆ. ಸೀರೆ ಉಟ್ಟುಕೊಂಡು ಅಷ್ಟು ಗಂಡಸುತನ ತೋರಿಸಿದ್ದು ನಾನೊಬ್ಬನೇ ಇರಬೇಕು.

ಸಾಹುಕಾರರ ಅಂಗಳ ತುಂಬಿತ್ತು. ಹೆಣ್ಣುಮಕ್ಕಳೆಲ್ಲ ಮಾಳಿಗೆಯ ಮೇಲೆ, ಗಂಡಸರು ಕೆಳಗೆ ಬೇವಿನ ನೆರಳಿಗೆ. ಮೊದಲು ಕುಣಿದ ಗಂಗಾವತಿಯ ರಾಣಿಯೂ ಯಲಬುರ್ಗಾದ ರಾಣಿಯೂ ಅರದಾಳದವರೇ. ಬಿಸಿಲಿಗೆ ಹಳದಿ ಕರಗಿ ಕುತ್ತಿಗೆಗೆ ಇಳಿದಿತ್ತು. ಕುಷ್ಟಗಿಯ ಜೋಡಿ ಬಂದಿತು. ಅವರ ಬಣ್ಣವೂ ಇಳಿದಿತ್ತು, ಆದರೆ ಅದನ್ನು ನೋಡಲು ಯಾರಿಗೂ ಬಿಡುವಿರಲಿಲ್ಲ. ಅವರ ಹೆಜ್ಜೆ ಹಾಗಿತ್ತು: ಇಬ್ಬರ ಗೆಜ್ಜೆ, ಒಂದೇ ಸದ್ದು. ಮಲ್ಲಪ್ಪನವರು ರುಮಾಲು ತೆಗೆದು ಗಾಳಿಯಲ್ಲಿ ಬೀಸಿದರು.

ಆಮೇಲೆ ನಾವು. ಗುರುಬಸಪ್ಪ ಎರಡು ಸುತ್ತು ಕುಣಿಯುವುದರೊಳಗೆ ಬೆವರಲಾರಂಭಿಸಿದ. ಇಂಗಳೀಕ ಹಣೆಯಿಂದ ಇಳಿದು ಮೀಸೆಗೆ, ಮೀಸೆಯಿಂದ ಎದೆಗೆ ಹರಿಯಿತು. ನಮಗೆ ಮಾನ ಹೋದಂತಾದರೆ, ಜನರಿಗೆ ರಾಜ ಯುದ್ಧದಲ್ಲಿ ಗಾಯಗೊಂಡು ರಾಣಿಯ ಬಳಿಗೆ ಬಂದಂತೆ ಕಂಡಿತು. “ಭಲೇ, ರಣಧೀರ” ಎಂದು ಯಾರೋ ಕೂಗಿದರು. ಗುರುಬಸಪ್ಪ ತಕ್ಷಣ ಸ್ವಲ್ಪ ಕುಂಟತೊಡಗಿದ. ಕಮ್ಮಾರನಾದರೂ ಕಲಾವಿದ.

ನಾನು ಅವನ ಕೈ ಹಿಡಿದು ಗಿರಕಿ ಹೊಡೆಯುತ್ತಿದ್ದಾಗ ಬೇವಿನ ಕೆಳಗೆ ಒಬ್ಬರು ಎದ್ದು ನಿಂತದ್ದು ಕಂಡಿತು. ಮಾವನವರು. ಹಿಂದಿನವರು, “ಕುಂದರ್ರಿ ಮಲ್ಲಪ್ಪ, ಕಾಣವಲ್ದು” ಎನ್ನುತ್ತಿದ್ದರು. ಅವರು ಕೂಡಲಿಲ್ಲ. ಬೀಸುತ್ತಿದ್ದ ರುಮಾಲು ಕೈಯಲ್ಲಿ ಮುದ್ದೆಯಾಗಿತ್ತು. ಮುಂದಿನ ಗಿರಕಿಗೆ ನೋಡಿದೆ, ಹಾಗೇ ನಿಂತಿದ್ದಾರೆ. ಅದರ ಮುಂದಿನದಕ್ಕೆ ನೋಡಿದೆ, ಅಲ್ಲಿ ಇಲ್ಲ. ಸಿಟ್ಟಾಗಿ ಹೊರಟುಹೋದರು ಎಂದುಕೊಂಡೆ. ಹೆಜ್ಜೆ ತಪ್ಪಿತು, ಗುರುಬಸಪ್ಪನ ಕಾಲು ತುಳಿದೆ. ಅವನ ಕುಂಟು ಈಗ ನಿಜವಾಯಿತು.

ಕುಷ್ಟಗಿ ಗೆದ್ದಿತು. ಗೆಲ್ಲಬೇಕಾದ್ದೇ. ತೀರ್ಪು ಹೇಳಿದ ವಯಸ್ಸಾದ ಸಾಹೇಬರೊಬ್ಬರು ನಮ್ಮನ್ನು ಕರೆದು, “ಬಣ್ಣ ನಿಮ್ಮದು ಛಲೋ ಇತ್ತು, ಕಾಲು ಅವರದು ಛಲೋ ಇದ್ವು” ಎಂದರು. ವೀರಭದ್ರಪ್ಪನವರು ತಮ್ಮ ಮಾತನ್ನು ತಿರುವಿ ಹಾಕಲು ದಾರಿ ಹುಡುಕುತ್ತ ತಲೆ ಕೆರೆದುಕೊಂಡರು.

ಅಕ್ಕನ ಮನೆಗೆ ಬಂದು ಮುಖ ತೊಳೆಯಲು ತಂಬಿಗೆ ಎತ್ತಿದೆ. ಬಾಗಿಲಲ್ಲಿ ಮಾವನವರು ನಿಂತಿದ್ದರು. ಗೆದ್ದ ಊರಿನವರ ಮುಖವಲ್ಲ ಅದು. ನೀಲವ್ವ ಕಂಬದ ಹಿಂದೆ ಸರಿದಳು. ನಾನು, “ಬರ್ರಿ ಮಾವಾರ” ಎಂದೆ. ಸೀರೆಯಲ್ಲಿದ್ದೇನೆ ಎಂಬುದು ಅಂದಾದ ಮೇಲೆ ನೆನಪಾಯಿತು.

ಅವರು ಬಂದು ನನ್ನ ಎದುರಿಗೆ ಕೂತರು. ಬಹಳ ಹೊತ್ತು ನನ್ನ ಮುಖವನ್ನೇ ನೋಡಿದರು. ಮಾವನೊಬ್ಬ ಅಳಿಯನನ್ನು ಹಾಗೆ ನೋಡುವುದನ್ನು ನಾನು ಕಂಡಿಲ್ಲ, ಕೇಳಿಲ್ಲ. ಎಲ್ಲಿ ನೋಡಬೇಕೋ ತಿಳಿಯದೆ ಹೊಸ ಸೊಸೆಯ ಹಾಗೆ ನೆಲ ನೋಡುತ್ತ ಕೂತೆ.

“ಯಾರು ಹಚ್ಚಿದ್ರು ಇದನ್ನ?” ಎಂದರು.

“ನಾನಪ್ಪಾ” ಎಂದಿತು ಕಂಬದ ಹಿಂದಿನ ದನಿ.

ಮಾವನವರು ಗಂಟಲು ಸರಿಮಾಡಿಕೊಂಡರು. ಬೈಗುಳಕ್ಕೆ ನಾನು ಸಿದ್ಧನಾದೆ. “ಕುಂಕುಮ ಸಣ್ಣದಾತು” ಎಂದರು. “ಆಕಿ ದೊಡ್ಡದು ಹಚ್ಚಿಗೊಂತಿದ್ಲು. ಹಣಿ ತುಂಬ.”

ನೀಲವ್ವ ಕಂಬ ಬಿಟ್ಟು ಈಚೆ ಬಂದಳು. “ಇಲ್ಲಪ್ಪಾ, ಸಣ್ಣದು. ನನಗ ಛಲೋ ನೆನಪೈತಿ.”

“ನಿನಗೇನ ಗೊತ್ತು? ಆಕಿ ಲಗ್ನ ಆಗಿ ಬಂದಾಗ ನೋಡೀಯೇನು?”

“ನಾ ನೋಡಿದ್ದು ಸಣ್ಣದು.”

ಅವರು ನನ್ನ ಹಣೆಯ ಕುಂಕುಮವನ್ನು ಮತ್ತೊಮ್ಮೆ ನೋಡಿದರು. ಆಮೇಲೆ ದನಿ ತಗ್ಗಿಸಿ, “ಹೂಂ. ನೀ ಹುಟ್ಟಿದ ಮ್ಯಾಲ ಸಣ್ಣದು ಮಾಡಿದ್ಲು. ಎತ್ತಿಗೊಂಡ್ರ ಸಾಕು, ನೀ ಕೈ ಹಾಕಿ ಒರಸ್ತಿದ್ದಿ. ಮುಂಜಾನಿ ಹಚ್ಚಿದ್ದು ಮಧ್ಯಾಹ್ನಕ್ಕ ನಿನ್ನ ಕೈಯಾಗ, ಬಾಯಾಗ, ಅಂಗಿ ಮ್ಯಾಲ. ಕಡೀಗೆ ಆಕೀನ ಸೋತು ಸಣ್ಣದು ಹಚ್ಚಾಕ ಹಿಡದ್ಲು” ಎಂದರು.

ನೀಲವ್ವ ಅಲ್ಲೇ ನೆಲಕ್ಕೆ ಕೂತಳು. ಮತ್ತೇನು ಮಾಡ್ತಿದ್ದೆ ನಾನು ಎಂದು ಕೇಳಿದಳು. ಅವರು ಹೇಳಿದರು. ಅವ್ವ ನಕ್ಕರೆ ಹೆಂಗಿರ್ತಿದ್ಲು ಎಂದು ಕೇಳಿದಳು. ಅದನ್ನೂ ಹೇಳಿದರು. ಹೊರಗೆ ಕುಷ್ಟಗಿಯವರು ಗಾಡಿ ಕಟ್ಟಿ ಕರೆಯುತ್ತಿದ್ದರು. “ನಡೀರಿ, ನಾ ನಾಳೆ ಬರ್ತೀನಿ” ಎಂದು ಕೂತಲ್ಲಿಂದಲೇ ಹೇಳಿ ಕಳಿಸಿದರು. ಗದ್ದದ ಹಚ್ಚೆ ನಡುವಿಗಿತ್ತೋ ಎಡಕ್ಕಿತ್ತೋ ಎಂದು ತಂದೆಗೂ ಮಗಳಿಗೂ ಜೋರು ವಾದ ನಡೆಯಿತು. ವಾದ ತೀರಿಸಲು ಆಗಾಗ ಇಬ್ಬರೂ ನನ್ನ ಕಡೆ ತಿರುಗುತ್ತಿದ್ದರು. ಅಕ್ಕ ಚಹಾ ತಂದುಕೊಟ್ಟಳು. ಒಣಗಿದ ಗಂಧ ಮುಖವನ್ನೆಲ್ಲ ಎಳೆಯುತ್ತಿತ್ತು, ಮೂಗಿನ ಮೇಲೆ ವಿಪರೀತ ತುರಿಕೆ. ತಂಬಿಗೆಗೆಂದು ಮೆಲ್ಲನೆ ಕೈ ಚಾಚಿದೆ.

“ಈಗ್ಲೇ ತೊಳಕೋಬ್ಯಾಡ್ರಿ ಅಳಿಯಂದ್ರ” ಎಂದರು ಮಾವನವರು. “ಸ್ವಲ್ಪ ಕುಂದರ್ರಿ.”

ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ಬಣ್ಣ ಹಚ್ಚಿಕೊಂಡವನಿಗೆ ಅದು ತನ್ನ ಮುಖ ಎಂಬ ಭ್ರಮೆ ಇರುತ್ತದೆ. ನೋಡುವವರಿಗೆ ಯಾರ ಮುಖ ಬೇಕಾಗಿದೆಯೋ ಅವರೇ ಬಲ್ಲರು. ಚಹಾ ಕುಡಿದರೆ ತುಟಿಯ ಬಣ್ಣ ಹೋದೀತೆಂದು ಅದನ್ನೂ ಪಕ್ಕಕ್ಕಿಟ್ಟು, ಸೆರಗು ಸರಿಮಾಡಿಕೊಂಡು, ಬೆಳಕು ನನ್ನ ಮುಖದ ಮೇಲೆ ಬೀಳುವಂತೆ ಸ್ವಲ್ಪ ಬಾಗಿಲ ಕಡೆ ತಿರುಗಿ ಕೂತೆ.